ವಿದ್ಯೆಯ ಋಣ

ಬಡ ವಟುವು ವಾರಾನ್ನವನ್ನುಂಡು ಓದುತ್ತಿದ್ದ ಕಾಲದಲ್ಲಿ ಏಳು ಮನೆಗಳಿಗೆ ಋಣಿಯಾಗುತ್ತಿದ್ದನು. ಆ ಮನೆಗಳಲ್ಲಿ ಲೆಕ್ಕ ಬರೆದಿಡುವವರಿರಲಿಲ್ಲ. ಆದರೆ ಅವನು ತಲೆತಗ್ಗಿಸಿಯೇ ಎಲೆಯ ಮುಂದೆ ಕೂಡಬೇಕಾಗಿತ್ತೆಂಬುದೂ ನಿಜವೇ. ಇಂದು ಪಾಪಿನಾಯಕನಹಳ್ಳಿಯ ರೈತನ ಮಗನು ಯಾರ ಹೊಸ್ತಿಲಲ್ಲಿಯೂ ನಿಲ್ಲದೆ, ಬ್ಯಾಂಕಿನಿಂದ 7.5 ಲಕ್ಷ ರೂಪಾಯಿಯವರೆಗೆ ಅಡವಿಲ್ಲದೆ ಸಾಲ ಪಡೆಯಬಹುದು. ಇದು ಮಾನದ ಮಾರ್ಗವೇ ಸರಿ. ಆದರೆ ಪತ್ರಕ್ಕೆ ತಂದೆಯೂ ಸಹಸಾಲಗಾರನಾಗಿ ರುಜು ಹಾಕುತ್ತಾನೆ. ಮಗನಿಗೆ ಉದ್ಯೋಗ ದೊರೆಯದಿದ್ದರೆ ಭಾರವು ಆ ಮುದುಕನದು. ಓದಿದವನು ವೈದ್ಯನೋ ಉಪಾಧ್ಯಾಯನೋ ಆದರೆ ಫಲವು ಊರಿಗೆಲ್ಲ; ಬಡ್ಡಿ ಮಾತ್ರ ಒಂದೇ ಮನೆಗೆ! ಇದು ನ್ಯಾಯವೆ? ವಾರ್ಷಿಕ ವರಮಾನವು 4.5 ಲಕ್ಷವನ್ನು ಮೀರದ ಕುಟುಂಬಗಳ ಮಕ್ಕಳು ವೃತ್ತಿಶಿಕ್ಷಣಕ್ಕೆ ಪಡೆದ ಸಾಲದ ವ್ಯಾಸಂಗಕಾಲದ ಬಡ್ಡಿಯನ್ನು ತಾನು ವಹಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು 2009ರಲ್ಲಿ ತಂದುದು, ಈ ಪ್ರಶ್ನೆಗೆ ಕೊಟ್ಟ ಅರ್ಧ ಉತ್ತರ. ಅಸಲು ರೈತನ ರುಜುವಿನ ಮೇಲೆಯೇ ನಿಂತಿತು.