ತಂಬೂರಿಯ ಹಿಂದಿನ ದನಿ

ಧಾರವಾಡದ ಮಳೆಗಾಲದ ಬೆಳಗು. ರಾತ್ರಿಯಿಡೀ ಹನಿದ ಜಿಟಿಜಿಟಿ ಮಳೆ ನಿಂತಿದೆ, ಹೆಂಚಿನ ಅಂಚಿನಿಂದ ನೀರು ಮಾತ್ರ ಇನ್ನೂ ತೊಟ್ಟಿಕ್ಕುತ್ತಿದೆ. ಐದೂವರೆಯಾದರೂ ಹಾಲಿನವನು ಬಂದಿಲ್ಲ. ಪಕ್ಕದ ಮನೆಯ ಹುಡುಗಿ ಆಗಲೇ ತಂಬೂರಿ ಮುಂದೆ ಕುಳಿತಿದ್ದಾಳೆ. ಮೊದಲು ಪಂಚಮ, ಆಮೇಲೆ ಜೋಡಿ ಷಡ್ಜ, ಕೊನೆಗೆ ಖರ್ಜದ ಆ ದಪ್ಪ ತಂತಿ. ನಾಲ್ಕೂ ಒಂದಾಗಿ ಕೂಡಿಕೊಳ್ಳುವವರೆಗೆ ಅವಳು ಬಾಯಿ ತೆರೆಯುವುದಿಲ್ಲ. ಕೂಡಿದ ಮೇಲೆ ಒಂದೇ ಒಂದು ‘ಸಾ’. ಉಸಿರು ಮುಗಿಯುವ ತನಕ ಅದನ್ನು ಎಳೆದು ಬಿಡುತ್ತಾಳೆ, ಮತ್ತೆ ಉಸಿರು ತುಂಬಿಕೊಂಡು ಮತ್ತದೇ ‘ಸಾ’. ಅರ್ಧ ಗಂಟೆ ಇದೇ ನಡೆಯುತ್ತದೆ. ಎರಡು ವರ್ಷಗಳಿಂದ ನಾನು ಕೇಳುತ್ತಿದ್ದೇನೆ. ಒಂದು ದಿನದ ಷಡ್ಜ ಇನ್ನೊಂದು ದಿನದಂತೆ ಇದ್ದದ್ದಿಲ್ಲ.

ಬಹಳ ದಿನ ನನ್ನ ಕಿವಿ ಆ ಹುಡುಗಿಯ ದನಿಯ ಮೇಲೇ ಇತ್ತು. ಅದೇ ಹೊತ್ತಿಗೆ ಆ ಮನೆಯ ಅಡುಗೆಮನೆಯಲ್ಲಿ ಒಂದು ಪಾತ್ರೆಯೂ ಸದ್ದು ಮಾಡುವುದಿಲ್ಲ ಎಂಬುದು ಗಮನಕ್ಕೆ ಬಂದದ್ದು ತಡವಾಗಿ. ಬೆಳಗಿನ ಆ ಹೊತ್ತಿನಲ್ಲಿ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಕುಕ್ಕರ್ ಕೂಗುತ್ತದೆ, ಮಿಕ್ಸರ್ ಗರಗರ ತಿರುಗುತ್ತದೆ. ಆ ಮನೆಯಲ್ಲಿ ಇಲ್ಲ. ಒಂದು ದಿನ ಕಾಯಿಪಲ್ಲೆ ಗಾಡಿಯ ಹತ್ತಿರ ಸಿಕ್ಕಾಗ ಅವಳ ತಾಯಿಯನ್ನು ಕೇಳಿದೆ.

‘ಅಕಿ ಮುಗಿಸೂತನಾ ಮಿಕ್ಸರ್ ಹಚ್ಚೂದಿಲ್ಲರಿ ಅಕ್ಕಾರ. ಅದರ ಗುಂಯ್ ಅನ್ನೂದು ಕಿವ್ಯಾಗ ಸೇರಿತಂದ್ರ ಅಕಿಗೆ ಶ್ರುತಿ ಹಿಡಿಯೂದು ತ್ರಾಸ ಆಗ್ತದ’ ಎಂದರು. ಇಷ್ಟು ಹೇಳಿ ಮೆಂತ್ಯ ಸೊಪ್ಪಿನ ಕಟ್ಟನ್ನು ಆರಿಸತೊಡಗಿದರು.

ಆ ಮಾತು ನನ್ನನ್ನು ಇದೇ ಊರಿನ ಶುಕ್ರವಾರಪೇಟೆಗೆ, ನೂರು ವರ್ಷ ಹಿಂದಕ್ಕೆ, ಅಂಬಾಬಾಯಿ ಎಂಬ ಇನ್ನೊಬ್ಬ ತಾಯಿಯ ಬಳಿಗೆ ಕರೆದೊಯ್ಯಿತು. ಅವರ ಮಗಳು ಗಂಗೂಬಾಯಿ ಹಾನಗಲ್. ಮಗಳನ್ನು ಲೋಕವೇ ಬಲ್ಲದು. ತಾಯಿಯ ಹೆಸರು ಮಗಳ ಕಥೆಯ ಮೊದಲ ಪುಟದಲ್ಲಿ ಒಮ್ಮೆ ಬಂದು ಹೋಗುತ್ತದೆ. ಆ ಒಂದು ಪುಟ ಈಗೀಗ ನನ್ನನ್ನು ಬಹಳ ಕಾಡುತ್ತಿದೆ.

ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅವರ ಮನೆಗೆ ಹೋಗಿ, ಹಾಡಿಸಿ ಕೇಳುತ್ತಿದ್ದರು. ಅಷ್ಟು ದೊಡ್ಡ ಉಸ್ತಾದರು ಕೂತು ಕೇಳಬೇಕಾದರೆ ಆ ಕಂಠದಲ್ಲಿ ಏನಿತ್ತೋ! ನಮಗೆ ಅದು ಇನ್ನೆಂದೂ ಕೇಳಸಿಗದು. 1913ರ ಮಾರ್ಚ್ 5ರಂದು ಹುಟ್ಟಿದ ಮಗಳಿಗೆ ಮನೆಯಲ್ಲೇ ತಾಯಿಯ ಹಾಡು ಇತ್ತು. ಆದರೆ ಆ ಮಗು ಓಡುತ್ತಿದ್ದದ್ದು ಬೀದಿಗೆ, ಗ್ರಾಮಫೋನ್ ಹಾಡುವ ಕಡೆಗೆ. ಅದರ ತಟ್ಟೆಗಳಲ್ಲಿ ಕೇಳಿದ ಹಿಂದೂಸ್ತಾನಿ ಚೀಜುಗಳನ್ನು ಹಾಗೆಯೇ ಹಾಡಲು ನೋಡುತ್ತಿತ್ತು. ತಾಯಿ ಇದನ್ನು ಕಂಡರು. ತಮ್ಮ ಸಂಗೀತದ ಕಡೆಗೆ ಮಗಳನ್ನು ಎಳೆದುಕೊಳ್ಳಲಿಲ್ಲ. 1928ರ ಹೊತ್ತಿಗೆ ಹಿಂದೂಸ್ತಾನಿ ಕಲಿಕೆಗೆಂದೇ ಸಂಸಾರ ಹುಬ್ಬಳ್ಳಿಗೆ ಬಂತು. ಆ ದಿನಗಳಲ್ಲಿ ಅಂಬಾಬಾಯಿ ತಾವು ಹಾಡುವುದನ್ನೇ ನಿಲ್ಲಿಸಿದರು.

ಏಕೆ ನಿಲ್ಲಿಸಬೇಕಿತ್ತು? ಹಾಡುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ, ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕ ಸಂಗೀತದ ಸ್ವರಕ್ಕೆ ಗಮಕವೇ ಉಸಿರು. ತೋಡಿಯ ಗಾಂಧಾರವನ್ನು ಅಲುಗಾಡದೆ ನಿಲ್ಲಿಸಿದರೆ ಅಲ್ಲಿ ಅದು ತೋಡಿಯೇ ಅಲ್ಲ. ಅದು ತೂಗಬೇಕು, ಅಕ್ಕಪಕ್ಕದ ಸ್ವರಗಳನ್ನು ಸವರಿ ಬರಬೇಕು. ಕಿರಾನಾದವರ ಸ್ವರ ಬೇರೆ. ಅದು ದೀಪದ ಕುಡಿಯ ಹಾಗೆ ನಿಲ್ಲಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಮೀಂಡಿನಲ್ಲಿ ಜಾರಿ ಬಂದು, ಬಂದ ಮೇಲೆ ಅಲ್ಲಿಯೇ ನೆಲೆಯೂರಬೇಕು. ಬೆಳೆಯುವ ಕಂಠ ಮನೆಯಲ್ಲಿ ಕೇಳಿದ್ದನ್ನು ತನಗೆ ಗೊತ್ತಿಲ್ಲದೆ ಹೀರಿಕೊಳ್ಳುತ್ತದೆ. ತನ್ನ ದನಿಯ ತೂಗು ಮಗಳ ಸ್ವರದೊಳಗೆ ನುಸುಳಿದರೆ ಅವಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತಾದೀತು ಎಂಬ ಅಳುಕು ಆ ತಾಯಿಗೆ.

ಅಳುಕಿಗೆ ಕಾರಣವಿತ್ತು, ನಿಜ. ಆದರೆ ಎಳವೆಯಿಂದ ಹಾಡಿ ಬೆಳೆದವಳು ಹಾಡು ಬಿಡುವುದೆಂದರೇನು? ನನಗೆ ಇದು ಸುಲಭಕ್ಕೆ ದಕ್ಕುವುದಿಲ್ಲ. ಕಂಠ ಕೆಟ್ಟು ನಿಂತರೆ ಅದು ವಿಧಿ. ಕೇಳುವವರಿಲ್ಲದೆ ನಿಂತರೆ ಅದು ಕಾಲ. ಕಂಠವೂ ಇದ್ದು, ಕೇಳಲು ಅಬ್ದುಲ್ ಕರೀಂ ಖಾನರಂಥವರೂ ಇದ್ದು, ತಾನಾಗಿ ಬಾಯಿ ಮುಚ್ಚಿಕೊಳ್ಳುವುದು ಏನು? ಸರಳಿ, ಜಂಟಿ, ಅಲಂಕಾರ, ವರ್ಣ, ಕೀರ್ತನೆ ಎಂದು ಎಷ್ಟು ಬೆಳಗುಗಳನ್ನು ಅವರೂ ಸುರಿದಿರಬೇಕು. ಮಗಳ ಒಂದು ಬೆಳಗು ಕಲಕದಿರಲೆಂದು ಅವನ್ನೆಲ್ಲ ಗಂಟು ಕಟ್ಟಿ ಇಟ್ಟರು. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ ಹಾಡಿನ ಎಳೆಯೊಂದು ನಾಲಗೆ ತುದಿಗೆ ಬಂದರೆ ಏನು ಮಾಡುತ್ತಿದ್ದರೋ! ನುಂಗಿಕೊಳ್ಳುವುದಕ್ಕೂ ಸಾಧನೆ ಬೇಕು.

ಮಗಳ ದೊಡ್ಡ ಹೆಸರನ್ನು ಕಾಣಲು ಅವರು ಉಳಿಯಲಿಲ್ಲ. 1930ರ ದಶಕದ ಮೊದಲ ವರ್ಷಗಳಲ್ಲೇ ಹೋಗಿಬಿಟ್ಟರು.

ಮಗಳು ಮುಂದೆ ನಡೆದ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ಗೊತ್ತಿದ್ದರೂ ಮತ್ತೆ ಮತ್ತೆ ನೆನೆಯಬೇಕೆನಿಸುವಂಥದ್ದು. ಕೃಷ್ಣಾಚಾರ್ಯರು, ದತ್ತೋಪಂತ ದೇಸಾಯರ ಬಳಿಯ ಪಾಠಗಳಾದ ಮೇಲೆ ಅವರ ನಿಜವಾದ ತಾಲೀಮು ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರ ಹತ್ತಿರ ನಡೆಯಿತು. ಅಬ್ದುಲ್ ಕರೀಂ ಖಾನರ ಶಿಷ್ಯರು ಅವರು. 1930ರ ದಶಕದ ಕೊನೆಗೆ ಗಂಗೂಬಾಯಿ ಮಕ್ಕಳ ತಾಯಿ, ಮನೆಯ ಭಾರ ಹೊತ್ತವರು, ಅಲ್ಲಿ ಇಲ್ಲಿ ಕಛೇರಿಗಳನ್ನೂ ಮಾಡುತ್ತಿದ್ದವರು. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ ಹೋಗುವುದು, ಕಲಿಯುವುದು, ಕತ್ತಲಾದ ಮೇಲೆ ರೈಲಿನಲ್ಲೇ ಮರಳುವುದು. ಗುರುವಿನ ಮನೆಯಲ್ಲಿ ಆಗ ನೀರು ಹೊತ್ತುಕೊಂಡು ಕಲಿಯುತ್ತಿದ್ದ ಗದಗಿನ ಹುಡುಗ, ಭೀಮಸೇನ ಜೋಶಿ, ಅವರನ್ನು ನಿಲ್ದಾಣದವರೆಗೆ ಕಳಿಸಿ ಬರುತ್ತಿದ್ದ.

ಆ ರೈಲಿನಲ್ಲಿ ನಾನೂ ಹಲವು ಬಾರಿ ಹೋಗಿದ್ದೇನೆ. ಹುಬ್ಬಳ್ಳಿ ಬಿಟ್ಟರೆ ಎರಡೂ ಕಡೆ ಎರೆಭೂಮಿ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಜೋಳ, ಕಡಲೆ. ಕಿಟಕಿಯ ಬಳಿ ಕೂತು ಆ ಹೆಣ್ಣುಮಗಳು ಆ ದಿನ ಗುರು ಕೊಟ್ಟ ತುಣುಕನ್ನು ಬಾಯಿ ತೆರೆಯದೆ ಒಳಗೇ ಹಾಡಿಕೊಳ್ಳುತ್ತಿದ್ದರೇನೋ ಎಂದು ಪ್ರತಿಸಲವೂ ಅನ್ನಿಸಿದೆ. ಸವಾಯಿ ಗಂಧರ್ವರು ಕೊಡುತ್ತಿದ್ದದ್ದು ತುಣುಕುಗಳನ್ನೇ. ನಾಲ್ಕೋ ಐದೋ ಸ್ವರದ ಒಂದು ಪಲುಕು. ಅದನ್ನು ಗಂಟೆಗಟ್ಟಲೆ, ದಿನಗಟ್ಟಲೆ ತೀಡಬೇಕು. ಸರಿ ಕೂರದೆ ಮುಂದಿನದಿಲ್ಲ. ಭೀಮಸೇನರಿಗೂ ವರ್ಷಗಳ ಕಾಲ ತೋಡಿ, ಮುಲ್ತಾನಿ, ಪೂರಿಯಾ ಇವನ್ನೇ ಅರೆದು ಕುಡಿಸಿದರು. ಒಂದು ರಾಗದಲ್ಲಿ ಸ್ವರ ಪಳಗಿದರೆ ಉಳಿದವಕ್ಕೆ ಕದ ತಾನಾಗಿ ತೆರೆಯುತ್ತದೆಂಬುದು ಆ ಕಲಿಕೆಯ ನಂಬಿಕೆ. ಅವಸರದವರಿಗೆ ಅದು ಜಿಪುಣತನದಂತೆ ಕಂಡೀತು. ನನಗೆ ಅದು ನಮ್ಮ ರೈತರು ಬೀಜ ಬಿತ್ತುವ ರೀತಿಯಂತೆ ಕಾಣುತ್ತದೆ. ಕೂರಿಗೆಯ ಬಟ್ಟಲಿಗೆ ಹಿಡಿಯಿಂದ ಬೀಜ ಬಿಡುವಾಗ ಅಳತೆ ತಪ್ಪಿ ಸುರಿದರೆ ಪೈರು ಒಂದನ್ನೊಂದು ತಿಂದುಹಾಕುತ್ತದೆ.

ಹೀಗೆ ತಿದ್ದಿ ತೀಡಿದ ಕಂಠ ಒಮ್ಮೆ ಮಾತು ಕೇಳದಾಯಿತು. ಮೊದಲು ಅದು ಏರುಶ್ರುತಿಯ, ಎಳೆಯ, ಇಂಪಾದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಇಳಿದು, ದಪ್ಪವಾಗಿ, ಗಂಡುದನಿಯ ಹಾಗಾಯಿತು. ಹೆಣ್ಣು ಹಾಡುತ್ತಿದ್ದಾಳೆಂದರೆ ರೇಡಿಯೋ ಕೇಳುವವರು ನಂಬುತ್ತಿರಲಿಲ್ಲ. ಅವರ ಹಳೆಯ ಧ್ವನಿಮುದ್ರಿಕೆಗಳನ್ನೂ ಆಮೇಲಿನವನ್ನೂ ಒಂದರ ಹಿಂದೆ ಒಂದು ಕೇಳಿದರೆ ಇಬ್ಬರು ಹಾಡಿದಂತಿದೆ. ಆದರೆ ಸ್ವರ ಹಚ್ಚುವ ಬಗೆ ಮಾತ್ರ ಅದೇ. ಕಂಠ ಬದಲಾದರೂ ತಾಲೀಮು ಬದಲಾಗಿರಲಿಲ್ಲ. ನಾವು ಇಂದು ಗಂಗೂಬಾಯಿ ಎಂದು ಎದೆಗೊತ್ತಿಕೊಳ್ಳುವುದು ಆ ಎರಡನೆಯ ಕಂಠವನ್ನೇ.

ಸಮಾಜ ಕೊಟ್ಟ ನೋವುಗಳನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಅವರೂ ಒಬ್ಬರು. ಹಾಡುವ ಹೆಮ್ಮೆಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು, ಜಾತಿಯ ಕಾರಣಕ್ಕೆ ಊಟದ ಹೊತ್ತಿನಲ್ಲಿ ತನ್ನನ್ನು ಬೇರೆ ಕೂರಿಸಿ ಎಂಜಲು ಬಳಿಯಲು ಹಚ್ಚಿದರೆ ಏನು ಮಾಡುವುದೆಂಬ ಭಯ. ಹನ್ನೊಂದು ವರ್ಷದ ಮಗುವಿನ ಭಯ ಅದು. ನಾಡಿಗೆಲ್ಲ ಬೇಕಾದ ಮೇಲೂ, ಗಂಡಸು ಹಾಡಿದರೆ ಪಂಡಿತ, ಉಸ್ತಾದ ಆಗುತ್ತಾನೆ, ನಾವು ಹಾಡಿದರೆ ಬಾಯಿ ಆಗಿಯೇ ಉಳಿಯುತ್ತೇವೆ ಎಂಬರ್ಥದ ಮಾತನ್ನು ಅವರು ಹೇಳುತ್ತಿದ್ದರು. ಆ ಮಾತು ಇನ್ನೂ ಹಳತಾಗಿಲ್ಲ.

ಇನ್ನೊಬ್ಬರ ಬಗ್ಗೆ ಹೇಳಬೇಕು. ಗಂಗೂಬಾಯಿಯವರ ಕಛೇರಿಯ ಯಾವುದೇ ಹಳೆಯ ಚಿತ್ರ ತೆಗೆದು ನೋಡಿ. ಮುಂದೆ ಅವರು, ಒಂದು ಕೈ ಕಿವಿಯ ಬಳಿ. ಹಿಂದೆ ಮಗಳು ಕೃಷ್ಣಾ. ತಾಯಿಯ ದನಿ ಉಸಿರಿಗಾಗಿ ನಿಂತ ಕಡೆ ಮಗಳ ದನಿ ಮೆಲ್ಲಗೆ ಎದ್ದು ಆ ಜಾಗ ತುಂಬುತ್ತದೆ, ತಾಯಿ ಮರಳಿದೊಡನೆ ಸರಿದು ನಿಲ್ಲುತ್ತದೆ. ಧ್ವನಿಮುದ್ರಿಕೆಗಳಲ್ಲಿ ಇದನ್ನು ಕಣ್ಣು ಮುಚ್ಚಿ ಕೇಳಬೇಕು. ತಾಯಿಯ ಸ್ವರ ಕಪ್ಪು ಕಲ್ಲಿನ ಕಂಬದಂತಿದ್ದರೆ ಮಗಳದು ಅದರ ಮೇಲೆ ಬಿದ್ದ ಬೆಳಕು. ಅವರೂ ಪೂರ್ಣ ತಯಾರಿಯ ಗಾಯಕಿ. ಮುಂದಿನ ಸಾಲಿನಲ್ಲಿ ಕೂತು ತಾವೊಬ್ಬರೇ ಹಾಡಬಲ್ಲವರು. ದಶಕಗಳ ಕಾಲ ತಾಯಿಯ ಹಿಂದೆ ಕೂತರು. 2004ರಲ್ಲಿ ಕ್ಯಾನ್ಸರ್ ಅವರನ್ನು ತಾಯಿಗಿಂತ ಮೊದಲೇ ಕರೆದೊಯ್ದಿತು.

ಅಂಬಾಬಾಯಿ ಮಗಳಿಗಾಗಿ ಸುಮ್ಮನಾದರು. ಕೃಷ್ಣಾ ತಾಯಿಗಾಗಿ ಹಿಂದೆ ಉಳಿದರು. ನಡುವೆ ಒಬ್ಬರು ಹಾಡಿದರು. ಕಲೆಗಾಗಿ ಜೀವ ಸವೆಸಿದವರು ಎಂದು ನಾವು ಒಬ್ಬರ ಹೆಸರು ಬರೆಯುತ್ತೇವೆ. ಸವೆದ ಜೀವಗಳು ಎಷ್ಟು? ಈ ಲೆಕ್ಕವನ್ನು ದೂರಿನ ದನಿಯಲ್ಲಿ ಕೇಳುತ್ತಿಲ್ಲ. ಆ ಇಬ್ಬರೂ ತಮ್ಮನ್ನು ಬಲಿಯೆಂದು ತಿಳಿದರೋ, ಅದೂ ಹಾಡಿನ ಒಂದು ಬಗೆಯೆಂದು ತಿಳಿದರೋ, ಹೊರಗಿನವಳಾದ ನಾನು ತೀರ್ಪು ಕೊಡಲಾರೆ. ಆದರೆ ಗಂಗೂಬಾಯಿಯವರ ಒಂದು ಷಡ್ಜ ನಿಂತಾಗ ಆ ನಿಲುವಿಗೆ ಆಧಾರವಾಗಿ ಇವರೆಲ್ಲ ಇದ್ದಾರೆಂದು ತಿಳಿದು ಕೇಳಿದರೆ, ಕೇಳುವ ಕಿವಿಯೇ ಬೇರೆಯಾಗುತ್ತದೆ.

ತಂಬೂರಿಯ ಕುದುರೆಯ ಮೇಲೆ ಪ್ರತಿ ತಂತಿಯ ಕೆಳಗೂ ನೂಲಿನ ಒಂದು ಎಳೆ ಸಿಕ್ಕಿಸಿರುತ್ತಾರೆ. ಜೀವಾ ಎನ್ನುತ್ತಾರೆ ಅದಕ್ಕೆ. ಮಿರಜಿನಲ್ಲಿ ಮಾಡಿದ ಎಂಥ ಒಳ್ಳೆಯ ತಂಬೂರಿಯಾದರೂ ಆ ಎಳೆ ಜಾರಿದರೆ ನಾದ ಬೋಳಾಗುತ್ತದೆ. ನೂಲಿಗೆ ತನ್ನದೇ ಸದ್ದಿಲ್ಲ. ನಾನು ಚಿಕ್ಕವಳಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತೆ. ಆ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದ ಅರಳುವ ಜಾಗ ಹುಡುಕುವುದನ್ನು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಆಮೇಲೆ ಮದುವೆ, ಊರು, ಮಕ್ಕಳು. ಹಾಡು ಎಲ್ಲಿ ನಿಂತಿತೆಂದು ದಿನ ತೋರಿಸಿ ಹೇಳಲಾರೆ. ಯಾರಿಗಾಗಿಯೂ ಬಿಟ್ಟದ್ದಲ್ಲ, ಹಾಗೇ ಬಿಟ್ಟುಹೋಯಿತು. ಆದ್ದರಿಂದಲೇ ಬೇಕೆಂದು ಬಿಟ್ಟ ಅಂಬಾಬಾಯಿ ನನಗೆ ಇಷ್ಟು ದೊಡ್ಡವರಾಗಿ ಕಾಣುತ್ತಾರೆ.

2006ರಲ್ಲಿ, ಹಾಡಲು ತೊಡಗಿ ಎಪ್ಪತ್ತೈದು ವರ್ಷವಾದ ಹೊತ್ತಿಗೆ, ಗಂಗೂಬಾಯಿ ಹುಬ್ಬಳ್ಳಿಯಲ್ಲಿ ಕೊನೆಯ ಬಾರಿ ಜನರೆದುರು ಹಾಡಿದರು. ವಯಸ್ಸು ತೊಂಬತ್ತಮೂರು. ಕ್ಯಾನ್ಸರನ್ನು ಗೆದ್ದು ಬಂದ ದೇಹ. ಹಿಂದೆ ಕೃಷ್ಣಾ ಇರಲಿಲ್ಲ. ಉಸಿರು ನಿಂತ ಕಡೆ ತುಂಬಿಕೊಡುತ್ತಿದ್ದ ಆ ದನಿಯ ಜಾಗದಲ್ಲಿ ಅವರ ಕಿವಿಗೆ ಆ ಹೊತ್ತು ಏನು ಕೇಳಿಸಿತೋ. 2009ರ ಜುಲೈ 21ರಂದು ಅವರೂ ಹೋದರು. ಕಣ್ಣುಗಳನ್ನು ದಾನ ಮಾಡಿ ಹೋದರು.

ಹೊರಗೆ ಬೆಳಕಾಗಿದೆ. ಹಾಲಿನವನು ಬಂದು ಹೋದ. ಪಕ್ಕದ ಮನೆಯ ಹುಡುಗಿ ಷಡ್ಜ ಬಿಟ್ಟು ಭೈರವದ ರಿಷಭಕ್ಕೆ ಬಂದಿದ್ದಾಳೆ. ಆ ಕೋಮಲ ರಿಷಭ ಇವತ್ತು ಮಾತು ಕೇಳುತ್ತಿಲ್ಲ. ಒಮ್ಮೆ ಏರಿ ನಿಲ್ಲುತ್ತದೆ, ಇನ್ನೊಮ್ಮೆ ಷಡ್ಜಕ್ಕೇ ಅಂಟಿಕೊಳ್ಳುತ್ತದೆ. ನಿಲ್ಲಿಸಿ ತಂಬೂರಿಯನ್ನಷ್ಟೇ ಕೇಳುತ್ತಾಳೆ. ಮತ್ತೆ ಹಚ್ಚುತ್ತಾಳೆ. ಗಂಟೆ ಏಳಾಗುತ್ತಾ ಬಂತು, ಶಾಲೆಗೆ ಹೊತ್ತಾಗುತ್ತಿದೆ. ಅಡುಗೆಮನೆಯ ಕಿಟಕಿಯಲ್ಲಿ ಅವಳ ತಾಯಿ ಕಾಣುತ್ತಿದ್ದಾರೆ. ಮಿಕ್ಸರಿನ ಜಾರಿಗೆ ಕೊಬ್ಬರಿ, ಹಸಿಮೆಣಸಿನಕಾಯಿ ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟುಕೊಂಡು, ಗುಂಡಿ ಒತ್ತದೆ ನಿಂತಿದ್ದಾರೆ.