ಇಂದಿನ ಚಿಂತನೆ: ನಮ್ಮದಲ್ಲದ ಗುಡಿ

 

ನಮ್ಮ ಬಳಗದಲ್ಲಿ ಆಗಾಗ ಏಳುವ ಪ್ರಶ್ನೆ ಇದು: ನಮ್ಮ ಅಜ್ಜಂದಿರನ್ನು ಹೊಸ್ತಿಲು ದಾಟಲು ಬಿಡದ ಗುಡಿಗಳನ್ನು ಯುದ್ಧಕಾಲದಲ್ಲಿ ಕಾನೂನು ಏಕೆ ಕಾಯಬೇಕು? ಪ್ರಶ್ನೆಯ ಹಿಂದೆ ನೋವಿದೆ. ನಾನದನ್ನು ತಳ್ಳಿಹಾಕಲಾರೆ.

ಎರಡನೇ ಮಹಾಯುದ್ಧದ ನಾಶ ಕಂಡ ದೇಶಗಳು 1954ರಲ್ಲಿ ಹೇಗ್ ನಗರದಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಸ್ಮಾರಕ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಮೇಲೆ ದಾಳಿ ಮಾಡಬಾರದು, ಅವುಗಳನ್ನು ಸೇನೆಯ ಮರೆಯಾಗಿಯೂ ಬಳಸಬಾರದು. ತೀರಾ ಅನಿವಾರ್ಯ ಸೈನಿಕ ಅಗತ್ಯ ಎಂಬ ಒಂದು ಕಿಂಡಿ ಮಾತ್ರ ಅದರಲ್ಲಿ ಉಳಿದಿದೆ. ಭಾರತ 1958ರಲ್ಲಿ ಒಪ್ಪಂದಕ್ಕೆ ಸೇರಿತು.

2001ರ ಮಾರ್ಚಿನಲ್ಲಿ ತಾಲಿಬಾನಿಗಳು ಬಾಮಿಯಾನದ ಬುದ್ಧರನ್ನು ಸ್ಫೋಟಿಸಿದಾಗ ಅಫ್ಘಾನಿಸ್ತಾನ ಅದರಲ್ಲಿ ಇರಲಿಲ್ಲ. ಆ ಬುದ್ಧರಿಗೆ ವಂದಿಸುವವರೂ ಸುತ್ತಲಿನ ಊರುಗಳಲ್ಲಿ ಶತಮಾನಗಳಿಂದ ಇರಲಿಲ್ಲ. ಕಾಯುವ ಜನ ಇಲ್ಲದ ಕಡೆಯೇ ಕಾನೂನು ಹೆಚ್ಚು ಬೇಕು. ಮಾಲಿ ದೇಶದ ಟಿಂಬಕ್ಟುವಿನಲ್ಲಿ ಮುಸ್ಲಿಂ ಸಂತರ ಗೋರಿಗಳನ್ನು ಕೆಡವಿಸಿದವನಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ 9 ವರ್ಷ ಸೆರೆ ವಿಧಿಸಿತು.

ನಮ್ಮ ನಾಡಿನಲ್ಲೂ ಉದಾಹರಣೆ ಇದೆ. 1791ರಲ್ಲಿ ಮರಾಠಾ ಸೈನ್ಯದ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಶಾರದೆಯ ಮರುಪ್ರತಿಷ್ಠೆಗೆ ನೆರವು ಕಳಿಸಿದವನು ಟಿಪ್ಪು ಸುಲ್ತಾನ. ಆದರೆ ಅದು ಒಬ್ಬ ಅರಸನ ಮನಸ್ಸು. ಅರಸನ ಮನಸ್ಸನ್ನೇ ನಂಬಿ ಕೂರಲಾಗದು.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂತು. ಆ ಕಲ್ಲು ಮೂರ್ತಿಯ ಪೀಠವಾಗಿತ್ತು. ಅದರಲ್ಲಿರುವ 12ನೇ ಶಾಸನ ಹೇಳುವುದೇನು? ತನ್ನ ಪಂಥವನ್ನು ಮೆರೆಸಲು ಪರರ ಪಂಥವನ್ನು ಹಳಿಯಬಾರದು ಎಂದು. ಕಳಿಂಗದಲ್ಲಿ ರಕ್ತ ಹರಿಸಿ ನೊಂದವನ ಮಾತು ಅದು.

ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ನಡೆಸಿದರು. ಕೇಳಿದ್ದು ಒಳಗೆ ಹೋಗುವ ಹಕ್ಕನ್ನು, ಗುಡಿಯ ನಾಶವನ್ನಲ್ಲ. ಹೊಸ್ತಿಲ ಅನ್ಯಾಯವನ್ನು ಎದುರಿಸಲು ಸಂವಿಧಾನದ 17ನೇ ವಿಧಿಯಿದೆ. ಆ ಲೆಕ್ಕವನ್ನು ಫಿರಂಗಿಯಿಂದ ತೀರಿಸಹೊರಟರೆ, ನಾಳೆ ನಮ್ಮ ಸ್ತೂಪದ ಮುಂದೆ ನಿಂತವನಿಗೆ ಏನು ಹೇಳೋಣ?

ಎಲ್ಲವೂ ಅನಿತ್ಯವಲ್ಲವೇ, ಕಲ್ಲಿಗೇಕೆ ಚಿಂತೆ ಎನ್ನಬಹುದು. ನಮ್ಮ ಮಿರ್ಜಾನ ಕೋಟೆಯ ಚಿರೆಕಲ್ಲು ಮಳೆಗೆ ಸವೆಯುವುದು ಅನಿತ್ಯ. ದ್ವೇಷದಿಂದ ಒಡೆಯುವುದರ ಹಿಂದೆ ಚೇತನವಿದೆ, ಮನದ ಸಂಕಲ್ಪವಿದೆ. ಬುದ್ಧರು ಕರ್ಮ ಎಂದದ್ದು ಅದನ್ನೇ.

ನನಗೆ ಪ್ರಿಯವಲ್ಲದವರ ಯಾವ ವಸ್ತುವನ್ನು ನಾನು ಕಾಯಬಲ್ಲೆ? ಇಂದು ಇಷ್ಟನ್ನು ಯೋಚಿಸೋಣ.

ಭವತು ಸಬ್ಬ ಮಂಗಲಂ. ಜೈಭೀಮ್.