ಇಂದಿನ ಧಮ್ಮ ಚಿಂತನೆ: ಹುಟ್ಟಿನಿಂದಲೇ ಕಳೆಯೇ?



ಬಂಧುಗಳೇ, ಆರಮ್ ಲಿಲಿ ಎಂಬ ಹೂವಿದೆ. ಬಿಳಿ ಆಲಿಕೆಯಂಥ ಹೂ, ನಡುವೆ ಹಳದಿ ಕಡ್ಡಿ. ತವರು ದಕ್ಷಿಣ ಆಫ್ರಿಕಾ. ಅಲ್ಲಿ ಮುಳ್ಳುಹಂದಿ ಅದರ ಗೆಡ್ಡೆ ತಿನ್ನುತ್ತದೆ, ಪುಟ್ಟ ಕಪ್ಪೆ ಅದರ ಹೂವಿನೊಳಗೆ ಅಡಗುತ್ತದೆ.

ಅದನ್ನೇ ತೋಟದ ಅಂದಕ್ಕೆಂದು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಒಯ್ದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಈಗ ತೊರೆಗಳ ದಡದಲ್ಲಿ ಅದು ದಟ್ಟವಾಗಿ ಹಬ್ಬಿ, ಅಲ್ಲಿನ ಗಿಡಗಳಿಗೆ ಜಾಗವೇ ಇಲ್ಲದಂತೆ ಮಾಡಿದೆ. ತಿಂದ ದನಗಳಿಗೆ ಅದು ವಿಷ. ಅಲ್ಲಿ ಅದರ ಹೆಸರು ಕಳೆ.

ಗಿಡ ಅದೇ, ಬದಲಾದದ್ದು ಸುತ್ತಲಿನ ಕಾರಣಗಳು. ಪಟಿಚ್ಚಸಮುಪ್ಪಾದವನ್ನು ನಾನು ಹೀಗೆಯೇ ಅರ್ಥಮಾಡಿಕೊಳ್ಳುತ್ತೇನೆ. 'ಹುಟ್ಟಿನಿಂದಲೇ ಹೀನ' ಎಂಬ ಮಾತನ್ನು ತಲೆಮಾರುಗಳಿಂದ ಕೇಳಿದವರು ನಾವು. ಆ ಮಾತನ್ನು ಒಂದು ಹೂವಿನ ಮೇಲೂ ಹೊರಿಸಲು ನನಗೆ ಮನಸ್ಸಿಲ್ಲ.

ಹಾಗಾದರೆ ಅದನ್ನು ಸುಮ್ಮನೆ ಬಿಟ್ಟುಬಿಡುವುದು ಕರುಣೆಯೇ? ಅಲ್ಲ. ಜಾಗ ಕಳೆದುಕೊಂಡ ಗಿಡಗಳೂ, ವಿಷ ತಿಂದ ದನಗಳೂ ನಮ್ಮ ಕರುಣೆಗೆ ಸೇರಿದವೇ. ಕೀಳಲೇಬೇಕು. ಬರೀ ಎಲೆ ಕಿತ್ತರೆ ಸಾಲದು. ನೆಲದೊಳಗೆ ಗೆಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ.

1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ತೋರಿದ ದಾರಿಯೂ ಇದೇ. ಎದುರಿಸಬೇಕಾದದ್ದು ಜಾತಿ ಪಾಲಿಸುವ ಜನರನ್ನಲ್ಲ, ಅದನ್ನು ಅವರಿಗೆ ಕಲಿಸಿದ ಶಾಸ್ತ್ರಗಳನ್ನು ಎಂದರು ಅವರು. ಗೆಡ್ಡೆ ಇರುವುದು ಅಲ್ಲಿ.

ಇಂದು ಯಾರ ಮೇಲಾದರೂ ಸಿಟ್ಟು ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳೋಣ: ನಾನು ದ್ವೇಷಿಸುತ್ತಿರುವುದು ವ್ಯಕ್ತಿಯನ್ನೋ, ಅವರಿಂದಾಗುವ ಹಾನಿಯನ್ನೋ? ನಾನು ಕೀಳುತ್ತಿರುವುದು ಎಲೆಯನ್ನೋ, ಗೆಡ್ಡೆಯನ್ನೋ?

ಭವತು ಸಬ್ಬ ಮಂಗಲಂ 🌼